ಸ್ಟೀರಿಂಗ್ ಮೇಲಿನ ಗುಂಡಿ: ಒತ್ತೋದಾ, ಮುಟ್ಟೋದಾ?

ಕಾರಿನ ಸ್ವಿಚ್ ವಿನ್ಯಾಸ ಮಾಡುವುದೇ ನನ್ನ ಕೆಲಸ. ಈ ಮಳೆಗಾಲದಲ್ಲಿ ಒಂದೇ ಸ್ಟೀರಿಂಗ್‌ಗೆ ಮೂರು ಬಗೆಯ ಪ್ಯಾನೆಲ್ ಹಾಕಿ ಬೆಂಗಳೂರಲ್ಲಿ ಓಡಿಸಿದೆ. ಮೊದಲನೆಯದು ಮಾಮೂಲಿ ಒತ್ತುಗುಂಡಿ. ಎರಡನೆಯದು ಬರೀ ಟಚ್, ಮುಟ್ಟಿದರೆ ಒಳಗಿನ ಪುಟ್ಟ ಮೋಟರ್ ನಡುಗುತ್ತದೆ. ಮೂರನೆಯದರಲ್ಲಿ ಟಚ್ ಜೊತೆಗೆ ಒತ್ತಡ ಅಳೆಯುವ ಸೆನ್ಸರ್ ಇದೆ.

ನಿಂತ ಕಾರಿನಲ್ಲಿ ಬರೀ ಟಚ್ ಎಲ್ಲರಿಗೂ ಇಷ್ಟವಾಯಿತು. ನುಣುಪಾಗಿದೆ, ನೋಡಲು ಚೆಂದ. ರಸ್ತೆಗಿಳಿದ ಮೇಲೆ ಕಥೆ ಬೇರೆ. ಯೂ-ಟರ್ನ್ ತಗೊಳ್ಳುವಾಗ ಅಂಗೈಯ ಅಂಚು ತಾಗಿ ಹಾಡಿನ ಸದ್ದು ಒಮ್ಮೆಲೇ ಏರಿತು. ಮಳೆಯಲ್ಲಿ ಗೇಟು ತೆಗೆದು ಒದ್ದೆ ಕೈಯಲ್ಲಿ ಬಂದು ಕೂತರೆ ಒಂದು ಗುಂಡಿ ಮುಟ್ಟಿದರೆ ಪಕ್ಕದ್ದೂ ಕೆಲಸ ಮಾಡಿತು. ಬೆರಳು ಬಂದಾಗ ಆಗುವ ವಿದ್ಯುತ್ ಬದಲಾವಣೆಯನ್ನೇ ಟಚ್ ಪ್ಯಾನೆಲ್ ಹಿಡಿಯುವುದು. ನೀರಿನ ಹನಿಯೂ ಅದೇ ಬದಲಾವಣೆ ಮಾಡುತ್ತದೆ.

ನಡುಕದ ವಿಷಯಕ್ಕೆ ಬಂದರೆ, ಮೊದಲು ಹಾಕಿದ್ದು ಒಂದೇ ಬದಿಗೆ ಭಾರವಿರುವ ತುಂಡನ್ನು ಗಿರಗಿರ ತಿರುಗಿಸಿ ನಡುಗುವ ಅಗ್ಗದ ಮೋಟರ್. ಅದು ವೇಗ ಹಿಡಿಯುವಷ್ಟರಲ್ಲಿ ಹೆಬ್ಬೆರಳು ಎದ್ದಾಗಿರುತ್ತದೆ. ಹಿಂದೆಮುಂದೆ ಅಲುಗುವ ಲೀನಿಯರ್ ಮೋಟರ್ ಹಾಕಿದೆ. ಆಗ 'ಟಕ್' ಅಂತ ಚುರುಕಾಗಿ ಬಂತು. ಆದರೆ ಹೊಂಡದ ರಸ್ತೆಯಲ್ಲಿ ಸ್ಟೀರಿಂಗೇ ನಡುಗುತ್ತಿರುವಾಗ ಆ 'ಟಕ್' ಎಲ್ಲಿ ಗೊತ್ತಾಗುತ್ತದೆ? ಕೆಲಸ ಆಯ್ತಾ ಅಂತ ಕೆಳಗೆ ನೋಡಿದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡ್ ಕಣ್ಣು ತೆಗೆದರೆ ಕಾರು ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ನನಗೆ ನಿಜವಾಗಿ ಭಯವಾಯಿತು.

ಒತ್ತಡದ ಸೆನ್ಸರ್ ಬಂದ ಮೇಲೆ ಹೆಬ್ಬೆರಳಿಗೆ ನೆಮ್ಮದಿ. ಸುಮ್ನೆ ಮೇಲೆ ಇಟ್ಟುಕೊಂಡರೂ ಏನೂ ಆಗುವುದಿಲ್ಲ, ಒತ್ತಿದರೆ ಮಾತ್ರ ಕೆಲಸ. ಎಷ್ಟು ಒತ್ತಬೇಕು ಎಂಬ ಮಿತಿ ಕಡಿಮೆ ಇಟ್ಟರೆ ತಿರುವಿನಲ್ಲಿ ಬಿಗಿ ಹಿಡಿದಾಗಲೇ ಒತ್ತಿಹೋಗುತ್ತದೆ, ಜಾಸ್ತಿ ಇಟ್ಟರೆ ಬೆರಳು ನೋಯುತ್ತದೆ. ಅದನ್ನು ಹದ ಮಾಡಲು ನಾಲ್ಕು ದಿನ ಹಿಡಿಯಿತು. ಆದರೆ ಮೋಟರಿಗಿಂತ ಹೆಚ್ಚು ಸಹಾಯ ಮಾಡಿದ್ದು ಗುಂಡಿಗಳ ನಡುವೆ ಎಬ್ಬಿಸಿದ ಒಂದು ಸಣ್ಣ ಗೆರೆ. ಹೆಬ್ಬೆರಳು ಅದನ್ನು ತಡವಿ ಜಾಗ ಕಂಡುಕೊಳ್ಳುತ್ತದೆ, ಕಣ್ಣು ರಸ್ತೆಯ ಮೇಲೇ ಇರುತ್ತದೆ.

ಒತ್ತುಗುಂಡಿಯ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಅಕ್ಷರ ಅಳಿಸುತ್ತದೆ, ಸಂದಿಯಲ್ಲಿ ಧೂಳು ಕೂರುತ್ತದೆ. ಆದರೂ ಮೊದಲ ದಿನದಿಂದಲೇ ಕೈಗೆ ಒಗ್ಗಿತು. ಸ್ಟೀರಿಂಗ್‌ಗೆ ಟಚ್ ತಂದಿದ್ದ ಫೋಕ್ಸ್‌ವ್ಯಾಗನ್ ಕೂಡ ಗುಂಡಿಗಳಿಗೆ ಮರಳುವುದಾಗಿ 2022ರಲ್ಲಿ ಹೇಳಿತಲ್ಲ. 2021ರ ಮಾಡೆಲ್ ಎಸ್‌ನಲ್ಲಿ ಟೆಸ್ಲಾ ಹಾರ್ನನ್ನೇ ಟಚ್ ಗುಂಡಿ ಮಾಡಿತ್ತು, ಆಮೇಲೆ ಅದನ್ನು ಮತ್ತೆ ಸ್ಟೀರಿಂಗ್ ನಡುವಿಗೆ ತಂದಿತು. ಮಗು ರಸ್ತೆಗೆ ಓಡಿ ಬಂದಾಗ ಯಾರೂ ಗುಂಡಿ ಹುಡುಕುವುದಿಲ್ಲ, ಇಡೀ ಅಂಗೈಯಿಂದ ಬಡಿಯುತ್ತಾರೆ. ಅಲ್ವಾ?

ಈಗ ನನ್ನ ಮಾದರಿಯಲ್ಲಿ ಹಾರ್ನ್ ನಡುವೆ, ಸದ್ದಿಗೆ ಉರುಳುವ ಚಕ್ರ. ಕ್ರೂಸ್ (ಕಾರಿನ ವೇಗವನ್ನು ತಾನೇ ಕಾಯ್ದುಕೊಳ್ಳುವ ವ್ಯವಸ್ಥೆ) ಮತ್ತು ಫೋನಿಗೆ ಗೆರೆಯಿರುವ ಒತ್ತಡದ ಪ್ಯಾನೆಲ್. ಬರೀ ಟಚ್‌ನ ಪ್ಯಾನೆಲ್ ಬಿಚ್ಚಿ ಡ್ರಾಯರಿನಲ್ಲಿ ಇಟ್ಟಿದ್ದೇನೆ.