ಜೈಸಲ್ಮೇರ್‌ಗೆ ಎರೆಭೂತ ನೋಡಲು ಹೊರಟವರೇ, ‘ಗ್ಯಾರಂಟಿ’ ಎಂದವರಿಗೆ ಮುಂಗಡ ಕೊಡಬೇಡಿ

ಹತ್ತು ವರ್ಷಗಳಿಂದ ಹಕ್ಕಿ ನೋಡುತ್ತಿರುವ ನಾನು ರಣಹದ್ದೊಂದನ್ನು ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಎಂದು ನಂಬಿ, ಗೆಳೆಯರಿಗೆಲ್ಲ ಸಾರಿಬಿಟ್ಟೆ ಎಂದು ಬರೆಯಲು ಕೈ ಹಿಂಜರಿಯುತ್ತದೆ. ಆದರೂ ಬರೆಯುತ್ತೇನೆ, ನನ್ನನ್ನು ಹಾಗೆ ನಂಬಿಸಿದ ಗೈಡ್‌ನ ಜೀಪಿನಲ್ಲಿ ಮುಂದಿನ ಚಳಿಗಾಲ ಇನ್ನೊಬ್ಬರು ಕೂರುವುದು ಬೇಡ.

ನಮ್ಮ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಈ ಹಕ್ಕಿಗಾಗಿ ಎರಡು ಸಲ ಅಲೆದು ಬರಿಗೈಯಲ್ಲಿ ಮರಳಿದ್ದರಿಂದ, ಈ ಜನವರಿಯಲ್ಲಿ ರಾಜಸ್ಥಾನದ ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೇ ಹೊರಟೆ. ಅಲ್ಲಿನವರು ಇದನ್ನು ಗೋಡಾವಣ ಎನ್ನುತ್ತಾರೆ, ಅದು ಅವರ ರಾಜ್ಯಪಕ್ಷಿ. ‘ಗೋಡಾವಣ ಗ್ಯಾರಂಟಿ ಸಾರ್, ಪರ್ಮಿಟ್ ನನ್ನ ಜವಾಬ್ದಾರಿ, ಸುದಾಸರಿ ಬೇಲಿಯೊಳಗಿನ ಒಂಟೆಗಾಡಿಯೂ ಇದರಲ್ಲೇ ಬಂತು’ ಎಂದು ಆ ಗೈಡ್ ಫೋನಿನಲ್ಲಿ ಹೇಳಿದಾಗ 9,500 ರೂಪಾಯಿಯಲ್ಲಿ 6,000 ಮುಂಗಡ ಕಳಿಸಿದೆ. ಸುದಾಸರಿ ಎಂದರೆ ಉದ್ಯಾನದೊಳಗೆ ಬೇಲಿ ಹಾಕಿ ಕಾಪಾಡಿರುವ ಜಾಗ. 3,162 ಚದರ ಕಿಲೋಮೀಟರ್ ಬಯಲಿನಲ್ಲಿ ಒಂದು ಹಕ್ಕಿಗೆ ಗ್ಯಾರಂಟಿ! ಅಲ್ಲೇ ಎಚ್ಚರಗೊಳ್ಳಬೇಕಿತ್ತು.

ಬೆಳಗಿನ ಐದೂವರೆಗೆ ಬರುತ್ತೇನೆಂದವನು ಎಂಟಕ್ಕೆ ಬಂದ. ಸಮ್ ಮರಳುದಿಬ್ಬಗಳನ್ನು ದಾಟಿದ ಮೇಲೆ, ‘ಇಂದು ಸುದಾಸರಿ ಬಂದ್, ದೊಡ್ಡ ಸಾಹೇಬರು ಬಂದಿದ್ದಾರೆ’ ಎಂದು ಗಾಡಿಯನ್ನು ಕಚ್ಚಾ ರಸ್ತೆಗೆ ತಿರುಗಿಸಿದ. ದಾರಿಯಲ್ಲಿ ಚಿಂಕಾರಗಳು ಸಿಕ್ಕವು. ಹನ್ನೊಂದರ ಹೊತ್ತಿಗೆ ಬಿಸಿಲ ಝಳದಲ್ಲಿ ನೆಲವೇ ಅಲುಗುತ್ತಿರುವಾಗ, ದೂರದ ಸೇವಣ್ ಹುಲ್ಲಿನ ನಡುವೆ ಕಂದು ಬೆನ್ನು, ಬಿಳಿಚಿದ ಕತ್ತು ಕಂಡಿತು. ‘ಗೋಡಾವಣ!’ ಎಂದು ಪಿಸುಗುಟ್ಟಿ ನನ್ನ ಭುಜ ಅದುಮಿದ. ನಾನು ಆರು ಫೋಟೊ ತೆಗೆದೆ. ಇನ್ನಷ್ಟು ಹತ್ತಿರ ಹೋಗೋಣವೆಂದರೆ, ‘ಹಾರಿಹೋಗುತ್ತದೆ, ಅಪರೂಪದ ಜೀವ’ ಎಂದು ಜೀಪು ಹಿಂತಿರುಗಿಸಿದ. ಉಳಿದ 3,500ರ ಜೊತೆಗೆ 500 ಭಕ್ಷೀಸನ್ನೂ ನಾನೇ ಕೈಯಾರೆ ಕೊಟ್ಟೆ. ಹೌದು, ಭಕ್ಷೀಸು!

ಫೋಟೊಗಳನ್ನು ಗೆಳೆಯರಿಗೆಲ್ಲ ಕಳಿಸಿದೆ. ಸಂಜೆ ಮೈಸೂರಿನ ಗೆಳೆಯನ ಉತ್ತರ ಒಂದೇ ಸಾಲಿನಲ್ಲಿ ಬಂತು: ‘ತಲೆಯ ಕರಿ ಟೊಪ್ಪಿಗೆ ಎಲ್ಲಿ ಹೋಯಿತಯ್ಯಾ?’ ಫೋಟೊ ಹಿಗ್ಗಿಸಿದೆ. ಎರೆಭೂತಕ್ಕಿರುವ ಕರಿ ನೆತ್ತಿ ಇಲ್ಲ, ಉದ್ದ ಕಾಲಿಲ್ಲ. ಇದ್ದದ್ದು ಕತ್ತಿನ ಬುಡದಲ್ಲಿ ಹಿಂಜಿದ ಹತ್ತಿಯಂಥ ಪುಕ್ಕ ಮತ್ತು ಕೊಕ್ಕೆಯಂತೆ ಬಾಗಿದ ಕೊಕ್ಕು. ಕೂತಿದ್ದ ರಣಹದ್ದು. ರಾತ್ರಿ ಊಟಕ್ಕೆ ಕೂತಾಗ ಪಕ್ಕದ ಮೇಜಿನ ಪುಣೆಯ ದಂಪತಿಗಳು ಅದೇ ದಿನದ ಸುದಾಸರಿ ಟಿಕೆಟ್ ತೋರಿಸಿದರು. ಬಂದ್ ಆಗಿರಲೇ ಇಲ್ಲ.

ಫೋನ್ ಮಾಡಿದರೆ ಮೊದಲು, ‘ಅದು ಮರಿ ಗೋಡಾವಣ ಸಾರ್’ ಎಂದ. ಕೊಕ್ಕಿನ ವಿಷಯ ಎತ್ತಿದ ಮೇಲೆ, ‘ಹಕ್ಕಿಗೆ ರೆಕ್ಕೆ ಇದೆ, ನಾನೇನು ಕಟ್ಟಿಹಾಕಲೇ?’ ಎಂದ. ಪರ್ಮಿಟ್ಟಿನ ಹಣವನ್ನಾದರೂ ಕೊಡು ಎಂದಾಗ, ‘ಆಗ ನೀವೇ ಖುಷಿಯಿಂದ ಭಕ್ಷೀಸು ಕೊಟ್ಟಿರಲ್ಲ’ ಎಂದ. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ.

ಸುದಾಸರಿ ತೆರೆದಿದೆಯೇ ಎಂಬುದನ್ನು ಜೈಸಲ್ಮೇರ್‌ನ ಅರಣ್ಯ ಇಲಾಖೆಯಲ್ಲಿ ನೀವೇ ವಿಚಾರಿಸಿ, ಪರ್ಮಿಟ್ ಕೈಗೆ ಬಂದ ಮೇಲೆ ಜೀಪು ಹತ್ತಿ. ಹಕ್ಕಿಯ ಗುರುತು ಖಚಿತವಾಗುವ ಮೊದಲು ಭಕ್ಷೀಸಂತೂ ಬೇಡ.

ಮರುದಿನ ಅವನ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಬೈನಾಕ್ಯುಲರ್ ಹಿಡಿದು ಹಲ್ಲು ಕಿರಿಯುತ್ತಿರುವ ನನ್ನದೇ ಚಿತ್ರವಿತ್ತು, ಕೆಳಗೆ ‘ಬೆಂಗಳೂರಿನ ಅತಿಥಿಗೆ ಗೋಡಾವಣ ದರ್ಶನ’ ಎಂದಿತ್ತು. ತೆಗೆಯಿರಿ ಎಂದು ನಾಲ್ಕು ಸಲ ಬರೆದೆ. ನೀಲಿ ಗೆರೆ ಬಂದಿದೆ, ಉತ್ತರ ಬಂದಿಲ್ಲ.