ನಾಲ್ಕನೇ ಹೆಸರಿಲ್ಲದ ಕರಪತ್ರ: ಗೋಣಿಕೊಪ್ಪಲಿನ ಒಂದು ಪ್ರೆಸ್ಸಿನ ಬಗ್ಗೆ

ಗೋಣಿಕೊಪ್ಪಲಿನಲ್ಲಿ ಮುಖ್ಯ ರಸ್ತೆ ಬಿಟ್ಟು ಸ್ವಲ್ಪ ಒಳಗೆ ಒಂದು ಪ್ರಿಂಟಿಂಗ್ ಪ್ರೆಸ್ ಉಂಟು. ಹೆಸರು ಬರೆಯುತ್ತಿಲ್ಲ. ಮಾಲೀಕರೇ ಬೇಡ ಎಂದರು. "ಎಲೆಕ್ಷನ್ ಕೆಲಸ ಚೆನ್ನಾಗಿ ಮಾಡಿಕೊಡ್ತಾರೆ ಅಂತ ನೀವು ಬರೆದರೆ ಒಂದು ಪಾರ್ಟಿಯವರು ಬರ್ತಾರೆ. ಇನ್ನೊಂದು ಪಾರ್ಟಿಯವರು ಮದುವೆ ಕಾರ್ಡಿಗೂ ಬರಲ್ಲ, ಅಕ್ಕ." ಸರಿ ಎಂದೆ. ಊರಿನವರು ಓದಿದರೆ ಹೇಗೂ ಗೊತ್ತಾಗಿಬಿಡುತ್ತದೆ.

ನಾನು ಪೊನ್ನಂಪೇಟೆ ಹತ್ತಿರ ಆರು ಎಕರೆ ಕಾಫಿ ತೋಟ ನೋಡಿಕೊಂಡಿರುವವಳು. ಮದುವೆ ಕಾರ್ಡ್, ತಿಥಿ ಕಾರ್ಡ್, ಸಂಘದ ರಸೀದಿ ಪುಸ್ತಕ ಬಿಟ್ಟರೆ ಪ್ರೆಸ್ಸಿನಲ್ಲಿ ನನಗೆಂತ ಕೆಲಸ? 2024ರ ಏಪ್ರಿಲ್‌ನಲ್ಲಿ ಮಾತ್ರ ಬೇರೆ ಕೆಲಸ ಬಿತ್ತು. ಲೋಕಸಭೆ ಚುನಾವಣೆ. ನಾವು ಏಳು ಜನ ಬೆಳೆಗಾರರು ಸೇರಿ, ಒಬ್ಬ ಅಭ್ಯರ್ಥಿಗೆ ನಮ್ಮ ಬೆಂಬಲ ಎಂದು ಕರಪತ್ರ ಹಾಕಿಸಲು ಹೊರಟೆವು. ಯಾರಿಗೆ ಎಂದು ಕೇಳಬೇಡಿ. ಈಗ ಅದನ್ನು ಹೇಳಿ ಏನೂ ಆಗಬೇಕಾಗಿಲ್ಲ.

ಈ ಹುಳ ನನ್ನ ತಲೆಗೆ ಹೊಕ್ಕದ್ದು ಅಮೆರಿಕದಲ್ಲಿ. ಆ ಚಳಿಗಾಲ ಮಗಳ ಮನೆಯಲ್ಲಿದ್ದೆ, ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ. ಅಲ್ಲಿನ ಸಂಸದೆ ಆ್ಯನಾ ಎಶೂ 1993ರಿಂದ ಆ ಸೀಟಿನಲ್ಲಿದ್ದವರು. ಇನ್ನು ನಿಲ್ಲುವುದಿಲ್ಲ ಎಂದರು. ಖಾಲಿ ಸೀಟಿಗೆ 11 ಜನ ನಿಂತರು. ಅಲ್ಲಿ ಪಕ್ಷದ ಬಿ ಫಾರಂ ಎಂಬುದಿಲ್ಲ. ಎಲ್ಲ ಪಕ್ಷದವರೂ ಒಂದೇ ಚೀಟಿಯಲ್ಲಿ. ಮಾರ್ಚ್ 5ರ ಪ್ರಾಥಮಿಕ ಸುತ್ತಿನಲ್ಲಿ ಮೊದಲ ಎರಡು ಸ್ಥಾನ ಬಂದವರು ಮಾತ್ರ ನವೆಂಬರ್‌ಗೆ ಹೋಗುತ್ತಾರೆ. ಹಾಗಾದರೆ 11 ಜನರಲ್ಲಿ ಯಾರು ಯಾರೆಂದು ಜನರಿಗೆ ತಿಳಿಯುವುದು ಹೇಗೆ?

ಬೆಂಬಲದ ಪಟ್ಟಿಯಿಂದ. ದಿನಾ ಟಪಾಲು ಡಬ್ಬಿ ತೆರೆದರೆ ಅಂಗೈ ಅಗಲದ ಗಟ್ಟಿ ಕಾಗದದ ಕಾರ್ಡುಗಳು ದೊಪ್ಪೆಂದು ಬೀಳುತ್ತಿದ್ದವು. ಇವರಿಗೆ ಅಗ್ನಿಶಾಮಕದವರ ಸಂಘದ ಬೆಂಬಲ, ಅವರಿಗೆ ನರ್ಸ್‌ಗಳ ಸಂಘದ್ದು, ಮತ್ತೊಬ್ಬರಿಗೆ ಹಳೇ ಮೇಯರ್‌ಗಳದ್ದು. ಅಲ್ಲಿ ಮತಪತ್ರ ಮನೆಗೇ ಬರುತ್ತದೆ. ಅಳಿಯ ಊಟದ ಮೇಜಿನ ಮೇಲೆ ಅದನ್ನು ಹರಡಿ, ಪಕ್ಕದಲ್ಲಿ ಈ ಕಾರ್ಡುಗಳನ್ನು ಇಸ್ಪೀಟಿನ ಹಾಗೆ ಜೋಡಿಸಿ ಕೂತಿದ್ದ. "ಇಷ್ಟು ಜನರ ಬಗ್ಗೆ ಓದೋಕೆ ಟೈಮ್ ಎಲ್ಲಿದೆ ಅತ್ತೆ? ನಾನು ನಂಬುವ ನಾಲ್ಕು ಸಂಘ ಯಾರ ಹಿಂದೆ ಇದೆ ಅಂತ ನೋಡ್ತೀನಿ, ಅಷ್ಟೇ." ದುಡ್ಡು ಕೊಡುವವರೂ ಹಾಗೇ ಅಂತೆ. ಮೊದಲು ದೊಡ್ಡ ಹೆಸರು ಯಾರ ಹಿಂದೆ ನಿಂತಿತೋ, ಚೆಕ್ಕುಗಳೂ ಆ ಕಡೆ ಹೋಗುತ್ತವೆ. ಯೂನಿಯನ್ ಬೆಂಬಲ ಸಿಕ್ಕಿದರೆ ಹೆಸರಿನ ಜೊತೆ ಮನೆ ಮನೆ ಬಾಗಿಲು ತಟ್ಟುವ ಆಳುಗಳೂ ಸಿಗುತ್ತಾರೆ.

ಅದರಲ್ಲಿ ಒಂದು ಕಾರ್ಡ್ ನನಗೆ ಬಹಳ ಇಷ್ಟವಾಯಿತು. ಹತ್ತಾರು ಹುದ್ದೆಗೆ ಹತ್ತಾರು ಹೆಸರು, ಕೆಲವು ಹೆಸರಿನ ಹತ್ತಿರ ಒಂದು ಸಣ್ಣ ನಕ್ಷತ್ರ. ಒಳ್ಳೆಯವರಿಗೆ ಹಾಕಿದ್ದಾರೇನೋ ಎಂದುಕೊಂಡೆ. ಅಳಿಯ ಬಿದ್ದು ಬಿದ್ದು ನಕ್ಕ. ದುಡ್ಡು ಕೊಟ್ಟು ಆ ಪಟ್ಟಿ ಸೇರಿದವರಿಗೆ ನಕ್ಷತ್ರ! ಹಾಗೆ ಗುರುತು ಹಾಕಲೇಬೇಕೆಂದು ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಉಂಟು. ಆ ಕಾರ್ಡನ್ನು ಸೀರೆ ಮಡಿಕೆಯಲ್ಲಿಟ್ಟು ಊರಿಗೆ ತಂದೆ.

ಅದನ್ನೇ ಹಿಡಿದುಕೊಂಡು ಪ್ರೆಸ್ಸಿಗೆ ಹೋದದ್ದು. ಆಗ ನಾಪೋಕ್ಲುವಿನಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ, ಕುಂಡ್ಯೋಳಂಡ ಕಪ್ ನಡೆಯುತ್ತಿತ್ತು, 360 ತಂಡ. ಪ್ರೆಸ್ಸಿನ ತುಂಬ ಹಾಕಿಯದ್ದೇ ಕೆಲಸ, ಕೂರಲು ಸ್ಟೂಲ್ ಕೂಡ ಇರಲಿಲ್ಲ. ಕಾಗದದ ರೀಮಿನ ಮೇಲೆ ಕೂತೆ. ಮಾಲೀಕರು ನಮ್ಮ ಬರಹ ಓದಿ ಮೊದಲು ಕೇಳಿದ್ದು ರೇಟಿನ ಮಾತಲ್ಲ.

"'ಸಮಸ್ತ ಕಾಫಿ ಬೆಳೆಗಾರರು' ಅಂತ ಬರೆದಿದ್ದೀರಿ. ಸಮಸ್ತ ಅಂದರೆ ಎಷ್ಟು ಜನ?"

"ಏಳು."

"ಹಾಗಾದರೆ ಏಳು ಹೆಸರು ಹಾಕಿ. ಸಂಘದ ಹೆಸರು ಹಾಕೋದಾದರೆ ಮೀಟಿಂಗ್‌ನಲ್ಲಿ ಠರಾವು ಆಗಿರಬೇಕು."

ಆಮೇಲೆ ಮನೆ ಹೆಸರು ಕೇಳಿದರು. ನಮ್ಮ ಕಡೆ ಸುಮ್ನೆ ಪೊನ್ನಪ್ಪ ಎಂದು ಹಾಕಿದರೆ ಹೋಬಳಿಗೆ ಇಪ್ಪತ್ತು ಜನ ಸಿಕ್ಕಾರು. ಇದೂ ಅಮೆರಿಕದಲ್ಲಿ ಆಗಿದೆ ಎಂದು ಅಳಿಯ ಹೇಳಿದ್ದನ್ನು ಅವರಿಗೆ ಹೇಳಿದೆ. 2022ರಲ್ಲಿ ಮಿಸೌರಿಯ ಸೆನೆಟ್ ಸೀಟಿಗೆ ಟ್ರಂಪ್ ತಮ್ಮ ಬೆಂಬಲ 'ಎರಿಕ್'ಗೆ ಎಂದುಬಿಟ್ಟರು. ಕಣದಲ್ಲಿ ಇಬ್ಬರು ಎರಿಕ್ ಇದ್ದರು, ಎರಿಕ್ ಶ್ಮಿಟ್ ಮತ್ತು ಎರಿಕ್ ಗ್ರೈಟೆನ್ಸ್. ಇಬ್ಬರೂ ನನಗೇ ಎಂದು ಥ್ಯಾಂಕ್ಸ್ ಹೇಳಿದರು. ಗೆದ್ದದ್ದು ಶ್ಮಿಟ್. "ನಮ್ಮಲ್ಲಿಗೆ ಬಂದಿದ್ದರೆ ಮನೆ ಹೆಸರು ಹಾಕಿಸ್ತಿದ್ದೆ" ಅಂದರು ಮಾಲೀಕರು, ತಲೆ ಎತ್ತದೇ.

ಆಮೇಲೆ ಡ್ರಾಯರ್‌ನಿಂದ ಫಾರಂ ತೆಗೆದರು. ಸತ್ಯ ಹೇಳುತ್ತೇನೆ, ಆಗ ನನಗೆ ಸಿಟ್ಟು ಬಂದಿತ್ತು. ಎರಡು ಸಾವಿರ ಚೀಟಿಗೆ ಇಷ್ಟೆಲ್ಲ ರಾಮಾಯಣವಾ? ಮೊದಲು ಇನ್ನೊಂದು ಊರಿನ ಒಂದು ಕಡೆ ವಿಚಾರಿಸಿದ್ದೆ. ಅವರು ಏನೂ ಕೇಳದೆ "ಸಂಜೆಗೆ ಕೊಡ್ತೀನಿ, ಕೆಳಗೆ ಪ್ರೆಸ್ ಹೆಸರು ಹಾಕಲ್ಲ" ಎಂದಿದ್ದರು. ಅದು ಎಷ್ಟು ದೊಡ್ಡ ತಪ್ಪು ಎಂದು ಇವರಿಂದ ಗೊತ್ತಾಯಿತು. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಪ್ರಕಾರ ಚುನಾವಣೆ ಕರಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಹಾಕಿಸುವವರು ಘೋಷಣಾ ಪತ್ರಕ್ಕೆ ಸಹಿ ಹಾಕಬೇಕು, ಅವರ ಗುರುತಿರುವ ಇಬ್ಬರು ಅದಕ್ಕೆ ಸಾಕ್ಷಿ ಹಾಕಬೇಕು. ಪ್ರೆಸ್ಸಿನವರು ಅದರ ಪ್ರತಿ, ಕರಪತ್ರದ ಪ್ರತಿ ಎರಡನ್ನೂ ಮಡಿಕೇರಿಗೆ, ಜಿಲ್ಲಾಧಿಕಾರಿ ಕಚೇರಿಗೆ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲಾ 2,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ.

ಅಷ್ಟಕ್ಕೇ ಮುಗಿಯಲಿಲ್ಲ. "ಅಭ್ಯರ್ಥಿಯನ್ನು ಕೇಳಿದ್ದೀರಾ?"

ಬೆಂಬಲ ಕೊಡುವವರು ನಾವು, ಅವರನ್ನೇಕೆ ಕೇಳಬೇಕು? ಕೇಳಬೇಕಂತೆ. ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಅವರ ಪರ ಪ್ರಚಾರಕ್ಕೆ ದುಡ್ಡು ಖರ್ಚು ಮಾಡುವುದೇ ಅಪರಾಧ. ಆಗ ಅದು ಐಪಿಸಿಯ 171ಎಚ್. ಹತ್ತು ರೂಪಾಯಿ ಮೀರದ ಖರ್ಚಾದರೆ ಮಾತ್ರ ಹತ್ತು ದಿನದೊಳಗೆ ಒಪ್ಪಿಗೆ ಪತ್ರ ತಂದು ಸರಿ ಮಾಡಿಕೊಳ್ಳಬಹುದು. ಹತ್ತು ರೂಪಾಯಿ! ಗೋಣಿಕೊಪ್ಪಲಿನಲ್ಲಿ ಹತ್ತು ರೂಪಾಯಿಗೆ ಒಂದು ಕಾಫಿ ಬಂದರೆ ದೊಡ್ಡದು.

ನಾನು ತಂದಿದ್ದ ಇನ್ನೊಂದು ಅಮೆರಿಕದ ಕಾರ್ಡನ್ನು ಅವರು ತಿರುಗಿಸಿ ತಿರುಗಿಸಿ ನೋಡಿದರು. ಕೆಳಗೆ ಸಣ್ಣ ಅಕ್ಷರದಲ್ಲಿ, ಇದಕ್ಕೆ ಯಾವ ಅಭ್ಯರ್ಥಿಯ ಅನುಮತಿಯೂ ಇಲ್ಲ ಎಂದು ಇತ್ತು. ಅವರಿಗೆ ನಂಬಲಾಗಲಿಲ್ಲ. ಅಲ್ಲಿನ ಲೆಕ್ಕ ಪೂರಾ ಉಲ್ಟಾ. ಅಲ್ಲಿನ ಸುಪ್ರೀಂ ಕೋರ್ಟಿನ 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪಿನ ಮೇಲಂತೂ, ಅಭ್ಯರ್ಥಿಯ ಜೊತೆ ಮಾತಾಡಿಕೊಳ್ಳದೇ ಇದ್ದರೆ ಹೊರಗಿನ ಗುಂಪುಗಳು ಎಷ್ಟು ಬೇಕಾದರೂ ಖರ್ಚು ಮಾಡಬಹುದು. ಮಾತಾಡಿಕೊಂಡರೆ ಮಿತಿ. ಅಲ್ಲಿ ಕೇಳಿದರೆ ತಪ್ಪು, ಇಲ್ಲಿ ಕೇಳದಿದ್ದರೆ ತಪ್ಪು. "ಇದರ ಪ್ರೆಸ್ಸಿನವನು ಪುಣ್ಯ ಮಾಡಿದ್ದಾನೆ" ಎಂದು ಕಾರ್ಡ್ ವಾಪಸ್ ಕೊಟ್ಟರು.

ಒಪ್ಪಿಗೆ ಪತ್ರ ಬರಲು ಮೂರು ದಿನ ಹಿಡಿಯಿತು. ನಮ್ಮ 2,600 ರೂಪಾಯಿ ಅಭ್ಯರ್ಥಿಯ ಖರ್ಚಿನ 95 ಲಕ್ಷದ ಮಿತಿಯೊಳಗೆ ಹೋಗಿ ಸೇರಿತು.

ಡಿಟಿಪಿ ಮಾಡುವ ಹುಡುಗ ಚುರುಕು, ಆದರೆ ಪ್ರೂಫ್ ನೀವೇ ಕೂತು ನೋಡಬೇಕು. ನಾನು ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು 'ನುಡಿ' ಎಂಬ ಕನ್ನಡ ತಂತ್ರಾಂಶದ ಅಕ್ಷರಕ್ಕೆ ತಿರುಗಿಸುವಾಗ 'ಅಭ್ಯರ್ಥಿ' ಹೋಗಿ 'ಅಭ್ಯಥರ್ಿ' ಆಗಿತ್ತು, ಮೂರು ಕಡೆ. ಅವನ ಕಂಪ್ಯೂಟರಿನಲ್ಲಿ 'ತಲೆಗಳು' ಎಂದೇ ಒಂದು ಫೋಲ್ಡರ್. ಒಳಗೆ ಎಲ್ಲ ಪಕ್ಷದ ನಾಯಕರ ತಲೆ, ಹಿನ್ನೆಲೆ ಕತ್ತರಿಸಿ ನೀಟಾಗಿ ಇಟ್ಟದ್ದು. ದೇವೇಗೌಡರ ಅದೇ ಫೋಟೋ 2019ರಲ್ಲಿ ಕಾಂಗ್ರೆಸ್ ಕರಪತ್ರಕ್ಕೆ, 2024ರಲ್ಲಿ ಬಿಜೆಪಿ ಕರಪತ್ರಕ್ಕೆ. ಮೈತ್ರಿ ಬದಲಾಯಿತು, ಫೈಲ್ ಬದಲಾಗಲಿಲ್ಲ. ಯಾರ ತಲೆ ದೊಡ್ಡದು, ಯಾರದು ಚಿಕ್ಕದು, ಯಾರು ಎಡಕ್ಕೆ ಎಂಬ ಜಗಳವೇ ಅರ್ಧ ದಿನದ ಕೆಲಸವಂತೆ. ಮೈಸೂರು–ಕೊಡಗು ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ನಮ್ಮವು ಎರಡೇ, ಮಡಿಕೇರಿ ಮತ್ತು ವಿರಾಜಪೇಟೆ. ಹಾಗಾಗಿ ಮೈಸೂರಿನ ತಲೆಗಳೇ ದೊಡ್ಡವು. ಕೊಡಗಿನವರು ಕೆಳಗಿನ ಸಾಲಿನಲ್ಲಿ, ಅಂಚೆ ಚೀಟಿಯಷ್ಟು. ನಮ್ಮ ಕರಪತ್ರಕ್ಕೆ ತಲೆಯೇ ಬೇಡ ಎಂದೆ. ಹುಡುಗನಿಗೆ ಬೇಜಾರಾಯಿತು.

ಈಗ ದೂರು. ಕರಪತ್ರ ಅಚ್ಚು ಹಾಕುವ ಪ್ಲೇಟ್ ಸಿದ್ಧವಾದ ರಾತ್ರಿ ನಮ್ಮ ಪಟ್ಟಿಯ ನಾಲ್ಕನೆಯವರು ಫೋನ್ ಮಾಡಿದರು. ಮಗ ಸರ್ಕಾರಿ ಕಾಂಟ್ರ್ಯಾಕ್ಟ್ ಮಾಡುವವನು, ಮುಂದೆ ಬಿಲ್ ಪಾಸಾಗಬೇಕಲ್ಲ, ನನ್ನ ಹೆಸರು ತೆಗೀರಿ ಎಂದರು. ಬೆಳಿಗ್ಗೆ ಎಂಟಕ್ಕೇ ಓಡಿದೆ. ಮಾಲೀಕರು ಒಂದು ಮಾತು ಆಡದೆ ಪ್ಲೇಟಿನ ಮೇಲೆ ಆ ಒಂದು ಸಾಲನ್ನು ಪೆನ್ನಿನಿಂದ ಅಳಿಸಿದರು. ಹೊಸ ಪ್ಲೇಟಿನ ದುಡ್ಡು ಉಳಿಯಿತು. ಆದರೆ ಹೆಸರುಗಳಿಗೆ ನಾವು ನಂಬರ್ ಹಾಕಿಸಿದ್ದೆವು. 1, 2, 3, ಆಮೇಲೆ ಒಂದು ಬಿಳಿ ಸಾಲು, ಆಮೇಲೆ 5. ಅವರು ನೋಡಲಿಲ್ಲ, ನಾನೂ ನೋಡಲಿಲ್ಲ. ಎರಡು ಸಾವಿರ ಪ್ರತಿ ಹಾಗೇ ಆಯಿತು. ಜೀವ ಬಾಯಿಗೆ ಬಂದ ಹಾಗಾಯಿತು. ಇಷ್ಟು ಕಾನೂನು ಗೊತ್ತಿರುವ ಪ್ರೆಸ್ಸಿನವರಿಗೆ ಎಣಿಕೆ ಬರುವುದಿಲ್ಲವಾ ಎಂದು ಕೇಳಿಯೇಬಿಟ್ಟೆ. ನೂರು ರೂಪಾಯಿ ಕಡಿಮೆ ಮಾಡಿಕೊಂಡರು.

ಹಂಚುವಾಗ ನೋಡಬೇಕಿತ್ತು ಮಜಾ. ನಮ್ಮ ಆರು ಹೆಸರು ಯಾರೂ ಓದಲಿಲ್ಲ. ಪೊನ್ನಂಪೇಟೆಯಲ್ಲಿ, ಬಸ್ಸಿನಲ್ಲಿ, ಕಾಫಿ ಕ್ಯೂರಿಂಗ್ ಗೇಟಿನ ಹತ್ತಿರ, ಎಲ್ಲರದ್ದೂ ಒಂದೇ ಪ್ರಶ್ನೆ: "ನಾಲ್ಕು ಯಾರು?" ಒಬ್ಬರು ಒಂದು ಹೆಸರು ಹೇಳುವುದು, ಇನ್ನೊಬ್ಬರು ಬೇರೆ ಹೇಳುವುದು. ಎರಡೇ ದಿನದಲ್ಲಿ ಜನ ಸರಿಯಾದ ಹೆಸರನ್ನೇ ಹಿಡಿದರು. ಹಾಕಿದ್ದರೆ ಅಷ್ಟು ಪ್ರಚಾರ ಆಗುತ್ತಿರಲಿಲ್ಲ, ಪಾಪ.

ಏಪ್ರಿಲ್ 26ಕ್ಕೆ ಮತದಾನ ಆಯಿತು. ಅದಕ್ಕೆ ನಾಲ್ಕೈದು ದಿನ ಮುಂಚೆ ಮಾಲೀಕರೇ ಫೋನ್ ಮಾಡಿದ್ದರು. "ಸೂರತ್ ಸುದ್ದಿ ನೋಡಿದಿರಾ ಅಕ್ಕ?" ಅಲ್ಲಿ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದ್ದವರೇ ಇದು ನಮ್ಮ ಸಹಿ ಅಲ್ಲ ಎಂದುಬಿಟ್ಟರು. ನಾಮಪತ್ರ ತಿರಸ್ಕಾರವಾಯಿತು. ಉಳಿದವರು ಹಿಂದೆ ಸರಿದರು, ಬಿಜೆಪಿಯವರು ಒಂದು ವೋಟೂ ಬೀಳದೆ ಗೆದ್ದರು. "ಅದಕ್ಕೇ ನಾನು ಎರಡು ಸಾಕ್ಷಿ ಕೇಳೋದು." ಅವರ ದನಿಯಲ್ಲಿ ಖುಷಿ ಇತ್ತು. ನೂರು ರೂಪಾಯಿ ಬಿಟ್ಟದ್ದನ್ನು ಅವರು ಇನ್ನೂ ಮರೆತಿರಲಿಲ್ಲ.

ನಮ್ಮಲ್ಲಿ ಯದುವೀರ್ ಒಡೆಯರ್ 1,39,262 ಮತಗಳ ಅಂತರದಲ್ಲಿ ಗೆದ್ದರು. ಅಷ್ಟು ಅಂತರದಲ್ಲಿ ನಮ್ಮ ಆರು ಹೆಸರು ಯಾವ ಲೆಕ್ಕ, ಆ ಕಡೆಗಾದರೂ ಈ ಕಡೆಗಾದರೂ? ಆದರೆ ಮಗಳ ಊರಿನ ಕಥೆ ಕೇಳಿ. ಮಾರ್ಚ್‌ನ ಸುತ್ತಿನಲ್ಲಿ ಮೊದಲನೇ ಸ್ಥಾನ ಸ್ಯಾಮ್ ಲಿಕಾರ್ಡೋಗೆ. ಎರಡನೇ ಸ್ಥಾನಕ್ಕೆ ಜೋ ಸಿಮಿಟಿಯನ್ ಮತ್ತು ಇವಾನ್ ಲೋ, ಇಬ್ಬರಿಗೂ ಸರಿಯಾಗಿ 30,249 ಮತ! ಮತ್ತೆ ಎಣಿಸಿದರು. ಸಿಮಿಟಿಯನ್ ಐದು ಮತಗಳಿಂದ ಹಿಂದೆ ಬಿದ್ದರು. ನವೆಂಬರ್‌ನಲ್ಲಿ ಲಿಕಾರ್ಡೋ ಗೆದ್ದರು. ಆ ಐದು ಮತ ಯಾವ ನರ್ಸ್ ಸಂಘದ ಕಾರ್ಡ್ ನೋಡಿ ಬಿದ್ದವೋ, ಯಾರ ಊಟದ ಮೇಜಿನ ಮೇಲೆ ಬಿದ್ದವೋ.

ಪ್ರೆಸ್ಸಿಗೆ ಹೋಗುವವರಿಗೆ: ರೇಟ್ ಜಾಸ್ತಿಯೂ ಅಲ್ಲ, ಕಡಿಮೆಯೂ ಅಲ್ಲ. ಕರೆಂಟ್ ಹೋದರೆ ಕೆಲಸ ನಿಲ್ಲುತ್ತದೆ, ಮಳೆಗಾಲದಲ್ಲಿ ಎರಡು ದಿನ ಮೊದಲೇ ಕೊಡಿ. ಗಾಡಿ ನಿಲ್ಲಿಸಲು ಜಾಗ ಇಲ್ಲ. ಫೋನ್‌ನಲ್ಲಿ ದುಡ್ಡು ಹಾಕಬಹುದು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಏಕೆಂದು ಅವರಿಗೆ ಗೊತ್ತು.

ಮೊನ್ನೆ ಮೈದುನನ ಮಗನ ಮದುವೆ ಕಾರ್ಡ್ ಹಿಡಿದು ಹೋಗಿದ್ದೆ. ಒಕ್ಕದ ಪಟ್ಟೆದಾರರಿಂದ, ಅಂದರೆ ಮನೆತನದ ಹಿರಿಯರಿಂದ, ಹಿಡಿದು ಹದಿನೆಂಟು ಜನರ ಹೆಸರು. ಮಾಲೀಕರು ಕನ್ನಡಕ ಏರಿಸಿ ಮೇಲಿಂದ ಕೆಳಗೆ ಬೆರಳಿಟ್ಟು ಎಣಿಸಿದರು.

"ಎಲ್ಲರನ್ನೂ ಕೇಳಿ ಹಾಕಿದ್ದೀರಲ್ಲ, ಅಕ್ಕ?"

"ಕೇಳಿದ್ದೇನೆ."

"ನಂಬರ್ ಬೇಡ ಅಲ್ವಾ?"