ಮೂಕ ರೇಜರ್: ಐದು ಬ್ಲೇಡಿನ ಕಾರ್ಟ್ರಿಡ್ಜ್ ಜೊತೆ ಎಂಟು ತಿಂಗಳು

ಹದಿಮೂರು ವರ್ಷ ಡಬಲ್ ಎಡ್ಜ್ ರೇಜರ್ ಬಿಟ್ಟು ಬೇರೇನನ್ನೂ ಕೆನ್ನೆಗೆ ಮುಟ್ಟಿಸಿದವನಲ್ಲ ನಾನು. ಹಾಗಿರುವಾಗ ರೇಜರಿನ ಹಿಡಿಯೊಂದು, ಅದರ ತುದಿಗೆ ಸಿಕ್ಕಿಸುವ ಐದು ಬ್ಲೇಡಿನ ತಲೆಗಳು, ಅಂದರೆ ಕಾರ್ಟ್ರಿಡ್ಜ್, ನಾಲ್ಕು ಇದ್ದ ಡಬ್ಬವೊಂದು ಉಡುಗೊರೆಯಾಗಿ ಬಂತು. ನಡುವೆ ಎರಡು ತಿಂಗಳು ಮುನಿಸಿಕೊಂಡು ಬದಿಗಿಟ್ಟದ್ದೂ ಸೇರಿ ಈಗ ಎಂಟು ತಿಂಗಳಾಗಿದೆ. ಕಂಪನಿಯ ಹೆಸರು ಬರೆಯುವುದಿಲ್ಲ. ನನ್ನ ದೂರು ಐದು ಬ್ಲೇಡಿನ ಆ ಇಡೀ ಜಾತಿಯ ಮೇಲೆ. ಹಿಡಿಯ ರಬ್ಬರು, ಬಾಗುವ ಕತ್ತು, ಬ್ಲೇಡಿನ ಲೇಪನ ಇವೆಲ್ಲ ಡಬ್ಬದ ಮೇಲೆಯೇ ಅಚ್ಚಾಗಿವೆ, ಓದಿಕೊಳ್ಳಿ. ಅಲ್ಲಿ ಅಚ್ಚಾಗದ ಸಂಗತಿ ಒಂದೇ: ಈ ರೇಜರ್ ಮೂಕ.

ಡಬಲ್ ಎಡ್ಜ್ ಹಿಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. 0.1 ಮಿಲಿಮೀಟರ್ ದಪ್ಪದ ಒಂದೇ ಒಂದು ಉಕ್ಕಿನ ಎಲೆ ಲೋಹದ ಎರಡು ತಟ್ಟೆಗಳ ನಡುವೆ ಬಿಗಿಯಾಗಿ ಕುಳಿತಿರುತ್ತದೆ. ಅದು ಗಡ್ಡದ ಕೂದಲನ್ನು ತುಂಡರಿಸುವಾಗ ಒಣ ಹುಲ್ಲಿನ ಮೇಲೆ ನಡೆದಂತೆ ಕರಕರ ಎನ್ನುತ್ತದೆ. ಸದ್ದು ಕೇಳುತ್ತಿದ್ದರೆ ಅಲ್ಲಿ ಇನ್ನೂ ಕೂದಲಿದೆ, ನಿಂತರೆ ಮುಂದಕ್ಕೆ ಹೋಗಬಹುದು. ಸದ್ದು ಒರಟಾದರೆ ಕೋನ ತಪ್ಪಿದೆ, ಇಲ್ಲವೇ ಬ್ಲೇಡ್ ಮೊಂಡಾಗಿದೆ. ಬಿಸಿನೀರಿನ ಹಬೆಗೆ ಕನ್ನಡಿ ಪೂರ್ತಿ ಮಸುಕಾದ ದಿನವೂ ನಾನು ಕಿವಿಯನ್ನೇ ನಂಬಿ ಕ್ಷೌರ ಮುಗಿಸಿದ್ದೇನೆ.

ನನ್ನ ಕ್ರಮ ಹೀಗಿದೆ. ಮೂರು ದಿನಕ್ಕೊಮ್ಮೆ ಕ್ಷೌರ. ಮೊದಲು ಬ್ರಷ್ಷನ್ನು ಬಿಸಿನೀರಿನಲ್ಲಿ ನೆನೆಹಾಕುವುದು. ಅದು ನೆನೆಯುವಷ್ಟು ಹೊತ್ತು ಬಿಸಿ ಬಟ್ಟೆಯನ್ನು ಗದ್ದಕ್ಕೆ ಒತ್ತಿಕೊಂಡು ಸುಮ್ಮನೆ ನಿಲ್ಲುವುದು. ಒಣಗಿದ ಗಡ್ಡದ ಕೂದಲು ತಂತಿಯಂತೆ ಗಡಸು. ಎರಡು ಮೂರು ನಿಮಿಷ ನೀರು ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ. ಆಮೇಲೆ ಸಾಬೂನಿನ ಬಟ್ಟಲು. ಬ್ರಷ್ ತಿರುಗಿಸುತ್ತ, ನೀರನ್ನು ಹನಿಹನಿಯಾಗಿ ಸೇರಿಸುತ್ತ ನೊರೆ ಎಬ್ಬಿಸಬೇಕು. ಬ್ರಷ್ ಮೇಲೆತ್ತಿದಾಗ ನೊರೆಯ ತುದಿ ಕೊಂಬಿನಂತೆ ನಿಂತರೆ ಆ ದಿನ ಚೆನ್ನಾಗಿರುತ್ತದೆ ಎಂಬುದು ನನ್ನದೊಂದು ಮೂಢನಂಬಿಕೆ. ಆ ಕೊಂಬಿನ ನೊರೆಯ ಬಗ್ಗೆ ನನಗೆ ಸ್ವಲ್ಪ ಗರ್ವವೂ ಇತ್ತು. ಅದರ ಕತೆ ಮುಂದೆ ಬರುತ್ತದೆ.

ಮೊದಲ ದಿನ ಹೊಸ ರೇಜರನ್ನು ಕೆನ್ನೆಯ ಮೇಲೆ ಎಳೆದೆ. ನಿಶ್ಶಬ್ದ. ಕೂದಲು ಹೋಯಿತೋ ನೊರೆ ಮಾತ್ರ ಹೋಯಿತೋ ತಿಳಿಯಲಿಲ್ಲ. ಮತ್ತೆ ಎಳೆದೆ, ಇನ್ನೊಮ್ಮೆ ಎಳೆದೆ. ಸದ್ದು ಬರಲೆಂದು ಒತ್ತಿಯೂ ನೋಡಿದೆ. ಕ್ಷೌರವೇನೋ ಮಗುವಿನ ಕೆನ್ನೆಯಷ್ಟು ನುಣುಪಾಯಿತು. ಸಂಜೆಯ ಹೊತ್ತಿಗೆ ಕುತ್ತಿಗೆ ಬೆಂಕಿಯಾಗಿತ್ತು. ಮೂರನೆಯ ದಿನ ಗಂಟಲಿನ ಕೆಳಗೆ ನಾಲ್ಕು ಕೆಂಪು ಗುಳ್ಳೆಗಳು.

ಇದಕ್ಕೆ ಕಾರಣ ರೇಜರಿನ ರಚನೆಯಲ್ಲೇ ಇದೆ. ಜಿಲೆಟ್ ಕಂಪನಿ 1971ರಲ್ಲಿ ಎರಡು ಬ್ಲೇಡಿನ ಟ್ರ್ಯಾಕ್ ಟೂ ತಂದಾಗಿನಿಂದ ಈ ಜಾತಿಯ ಲೆಕ್ಕಾಚಾರ ಒಂದೇ: ಮುಂದಿನ ಬ್ಲೇಡ್ ಕೂದಲನ್ನು ತುಸು ಮೇಲಕ್ಕೆಳೆದು ಕತ್ತರಿಸುತ್ತದೆ, ಅದು ಹಿಂದಕ್ಕೆ ಸರಿದು ಗೂಡು ಸೇರುವ ಮೊದಲೇ ಹಿಂದಿನ ಬ್ಲೇಡ್ ಇನ್ನೊಮ್ಮೆ ಕತ್ತರಿಸುತ್ತದೆ. ಉಳಿದ ತುದಿ ಚರ್ಮದ ಮಟ್ಟಕ್ಕಿಂತ ಕೆಳಗೆ ಅಡಗುತ್ತದೆ. ನುಣುಪು ಬರುವುದು ಅದರಿಂದಲೇ. ಆದರೆ ಗುಂಗುರು ಕೂದಲಿನವರಿಗೆ, ಕುತ್ತಿಗೆಯಲ್ಲಿ ಸುಳಿಯಿರುವ ನನ್ನಂಥವರಿಗೆ, ಆ ತುದಿ ಹೊರಬರುವ ದಾರಿ ತಪ್ಪಿ ಚರ್ಮದೊಳಗೇ ಬೆಳೆಯುತ್ತದೆ. ಸಾಲದ್ದಕ್ಕೆ ಒಂದು ಎಳೆತಕ್ಕೆ ಐದು ಅಲಗುಗಳು. ನಾನು ಒಂದೇ ಜಾಗದಲ್ಲಿ ಆರು ಸಲ ಎಳೆದಿದ್ದೆ, ಅಂದರೆ ಆ ಬಡ ಚರ್ಮದ ಮೇಲೆ ಮೂವತ್ತು ಅಲಗುಗಳು ಹಾದುಹೋಗಿದ್ದವು. ಸಾಕು ಎಂದು ಹೇಳುವ ಸದ್ದು ಇರಲಿಲ್ಲ, ನಾನು ನಿಲ್ಲಿಸಲಿಲ್ಲ.

ಬ್ಲೇಡುಗಳ ಸಂದು ಕಟ್ಟಿಕೊಂಡಾಗಲೂ ಈ ರೇಜರ್ ಬಾಯಿ ಬಿಡುವುದಿಲ್ಲ. ಮೂರು ದಿನದ ಗಡ್ಡವೆಂದರೆ ಸುಮಾರು ಒಂದು ಮಿಲಿಮೀಟರ್ ಉದ್ದದ ಕೂದಲು. ಅದು ನನ್ನ ಕೊಂಬಿನ ನೊರೆಯೊಂದಿಗೆ ಬೆರೆತು ಐದು ಬ್ಲೇಡುಗಳ ಸಂದಿನಲ್ಲಿ ಗಾರೆಯಂತೆ ಕೂತುಬಿಡುತ್ತಿತ್ತು. ಆಮೇಲೆ ರೇಜರ್ ಕೆನ್ನೆಯ ಮೇಲೆ ಜಾರುಬಂಡಿ ಆಡುತ್ತದೆ ಅಷ್ಟೆ, ಏನನ್ನೂ ಕತ್ತರಿಸುವುದಿಲ್ಲ. ನಲ್ಲಿಯ ಕೆಳಗೆ ಹಿಡಿದರೆ ಮೇಲಿನದು ಮಾತ್ರ ಹೋಗುತ್ತದೆ. ಬೇಸಿನ್ನಿನ ಅಂಚಿಗೆ ಕುಟ್ಟಿದೆ. ಅಲಗಿಗೆ ಅದಕ್ಕಿಂತ ದೊಡ್ಡ ದ್ರೋಹವಿಲ್ಲ ಎಂದು ಆಮೇಲೆ ತಿಳಿಯಿತು. ಹಿಂಬದಿಯಿಂದ ಜೋರಾಗಿ ನೀರು ಹಾಯಿಸುವುದೊಂದೇ ದಾರಿ. ಒಂದು ಕ್ಷೌರಕ್ಕೆ ಹದಿನೆಂಟು ಸಲ ತೊಳೆದದ್ದನ್ನು ಎಣಿಸಿದ ದಿನವೇ ಅದು ಕಪಾಟಿನ ಹಿಂದಿನ ಸಾಲಿಗೆ ಹೋಯಿತು. ಹಳೆಯ ರೇಜರಾದರೆ ಹಿಡಿ ತಿರುಗಿಸಿ ಬಿಚ್ಚಿ ಒಮ್ಮೆ ನೀರಿಗೆ ಒಡ್ಡಿದರೆ ಮುಗಿಯಿತು.

ಮಾತಿನ ಬದಲು ಅದಕ್ಕೆ ಒಂದು ಪಟ್ಟಿ ಕೊಟ್ಟಿದ್ದಾರೆ. ನೀರು ತಾಗಿದರೆ ಲೋಳೆಯಾಗುವ, ದಿನ ಕಳೆದಂತೆ ಬಣ್ಣ ಬಿಡುವ ಪಟ್ಟಿ. ಬಣ್ಣ ಹೋದರೆ ಕಾರ್ಟ್ರಿಡ್ಜ್ ಬದಲಿಸಿ ಎಂಬುದು ಸಲಹೆ. ಅದನ್ನು ನಂಬಿ ಮೊದಲನೆಯದನ್ನು ಆರನೆಯ ಕ್ಷೌರಕ್ಕೇ ಬಿಸಾಡಿದೆ. ಎರಡನೆಯದನ್ನು ಹಟಕ್ಕೆ ಬಿದ್ದು ಉಳಿಸಿಕೊಂಡೆ. ಪಟ್ಟಿ ಬೆಳ್ಳಗಾಗಿ ತಿಂಗಳು ಕಳೆದರೂ ಹದಿನಾರು ಕ್ಷೌರ ಚೆನ್ನಾಗಿಯೇ ಬಂತು. ಆ ಪಟ್ಟಿಗೆ ತಿಳಿಯುವುದು ತಾನೆಷ್ಟು ನೀರು ಕುಡಿದೆ ಎಂಬುದು ಮಾತ್ರ, ಅಲಗಿನ ಸುದ್ದಿ ಅದಕ್ಕೆ ಹೇಗೆ ಗೊತ್ತಾಗಬೇಕು? ಉಕ್ಕಿಗಿಂತ ಸುಮಾರು 50 ಪಟ್ಟು ಮೃದುವಾದ ಕೂದಲು ಅಲಗನ್ನು ಕೆಡಿಸುವುದು ಹೇಗೆಂದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದಿದ್ದರು. ಅಲಗು ಸವೆದು ದುಂಡಗಾಗುವುದಕ್ಕಿಂತ ಹೆಚ್ಚಾಗಿ, ಕೂದಲು ಬಾಗಿ ಓರೆಯಾಗಿ ತಾಗಿದ ಕಡೆ ಅದರ ಅಂಚು ಚೂರುಚೂರಾಗಿ ಚಕ್ಕೆ ಏಳುತ್ತದೆಯಂತೆ. ಅದು ಒಬ್ಬೊಬ್ಬರ ಗಡ್ಡಕ್ಕೆ, ಕೈಗೆ ಒಂದೊಂದು ತೆರ. ಒಂದು ಕಾರ್ಟ್ರಿಡ್ಜಿನ ಬೆಲೆಗೆ ಡಬಲ್ ಎಡ್ಜ್ ಬ್ಲೇಡುಗಳ ಕಟ್ಟೇ ಬರುತ್ತದೆ. ಲೆಕ್ಕ ಬರೆದಿಡುವ ನನ್ನಂಥವನಿಗೆ ಆ ಬಿಸಾಡಿದ ಹತ್ತು ಕ್ಷೌರ ಇವತ್ತಿಗೂ ಉರಿಯುತ್ತದೆ, ಕುತ್ತಿಗೆಗಿಂತ ಹೆಚ್ಚಾಗಿ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಬರೀ ಬೈಗುಳದ ವಿಮರ್ಶೆಯಾಗುತ್ತಿತ್ತು. ಐದನೆಯ ತಿಂಗಳು ಒದ್ದೆ ಮೆಟ್ಟಿಲಲ್ಲಿ ಜಾರಿ ಬಲ ಮಣಿಕಟ್ಟು ಮುರಿಯಿತು. ಐದು ವಾರ ಪ್ಲಾಸ್ಟರ್.

ಎಡಗೈಯಲ್ಲಿ ಹಳೆಯ ರೇಜರ್ ಹಿಡಿದದ್ದು ಒಂದೇ ಸಲ. ಚರ್ಮಕ್ಕೆ ಸುಮಾರು 30 ಡಿಗ್ರಿ ಕೋನದಲ್ಲಿ ಅಲಗನ್ನು ಇಡುವುದನ್ನು ನನ್ನ ಬಲಗೈ ಹದಿಮೂರು ವರ್ಷದಲ್ಲಿ ಕಲಿತಿತ್ತು. ಎಡಗೈ ಪಕ್ಕದಲ್ಲೇ ಇದ್ದೂ ಏನೂ ಕಲಿತಿರಲಿಲ್ಲ. ಗದ್ದದ ಮೂಲೆಯಲ್ಲಿ ಮೂಡಿದ ಗೀರಿಗೆ ಪಟಿಕ ಒತ್ತಿ ಹಿಡಿದು ಕುಳಿತಾಗ ಕಪಾಟಿನ ಹಿಂದಿನ ಸಾಲು ನೆನಪಾಯಿತು.

ಬಾಗುವ ಕತ್ತಿನ ಬೆಲೆ ಆಗ ತಿಳಿಯಿತು. ಕೋನ ಹುಡುಕುವ ಕೆಲಸ ಅದರದು. ಕೈ ಎಲ್ಲಿಂದ ಎಲ್ಲಿಗೆ ಎಂದಷ್ಟೇ ತೋರಿಸಿದರೆ ಸಾಕು. ದವಡೆಯ ತಿರುವಿನಲ್ಲಿ ಎಡಗೈ ತಡವರಿಸಿದರೂ ರೇಜರ್ ತಡವರಿಸಲಿಲ್ಲ. ಸದ್ದು ಬಂದಿದ್ದರೂ ಅದನ್ನು ಕೇಳಿ ತಿದ್ದಿಕೊಳ್ಳುವ ವಿದ್ಯೆ ಆ ಕೈಗೆ ಎಲ್ಲಿತ್ತು? ಇನ್ನೊಂದು ಸೋಜಿಗವೂ ನಡೆಯಿತು. ಎಡಗೈಯಲ್ಲಿ ಬ್ರಷ್ ತಿರುಗಿಸಿ ಕೊಂಬಿನ ನೊರೆ ಎಬ್ಬಿಸಲು ನನ್ನಿಂದ ಆಗಲಿಲ್ಲ. ಮೂಗಿನ ಹೊಳ್ಳೆಗೆ, ಕಿವಿಗೆ ಬಳಿದುಕೊಂಡು ಉಳಿದದ್ದು ತೆಳ್ಳನೆಯ ನೀರು ನೊರೆ. ಅದರಲ್ಲಿ ಕ್ಷೌರ ಮಾಡಿದರೆ ಬ್ಲೇಡುಗಳ ಸಂದು ಕಟ್ಟಲೇ ಇಲ್ಲ! ಒಂದೆರಡು ಸಲ ತೊಳೆದರೆ ಸ್ವಚ್ಛ. ತಿಂಗಳುಗಟ್ಟಲೆ ನಾನು ಬೈದ ದೋಷದಲ್ಲಿ ಅರ್ಧಪಾಲು ನನ್ನ ಗರ್ವದ ನೊರೆಯದೇ ಆಗಿತ್ತು.

ಒಂದು ದೂರು ಮಾತ್ರ ಹಾಗೆಯೇ ಉಳಿದಿದೆ. ಅಗಲ ತಲೆಯ ಈ ರೇಜರ್ ಮೂಗಿನ ಕೆಳಗೆ ಹಿಡಿಯುವುದಿಲ್ಲ. ಹಿಂಬದಿಗೆ ಒಂಟಿ ಬ್ಲೇಡ್ ಇಟ್ಟಿದ್ದಾರೆ ನಿಜ, ಅದರಲ್ಲಿ ಮೀಸೆಯ ಅಂಚು ತಿದ್ದಲು ಹೋಗಿ ಎಡಕ್ಕೆ ತುಸು, ಸರಿದೂಗಿಸಲು ಬಲಕ್ಕೆ ತುಸು ಎನ್ನುತ್ತ ಎರಡು ವಾರ ಬೇರೆಯೇ ಮನುಷ್ಯನಂತೆ ಓಡಾಡಿದೆ.

ಈಗ ಪ್ಲಾಸ್ಟರ್ ಬಿಚ್ಚಿದೆ. ಬಿಡುವಿದ್ದ ದಿನ ಹಳೆಯದು, ಅವಸರದ ದಿನ ತೆಳು ನೊರೆಯೊಂದಿಗೆ ಇದು. ಕೂದಲು ಬೆಳೆದ ದಿಕ್ಕಿಗೇ, ಒತ್ತದೆ, ಒಂದು ಜಾಗಕ್ಕೆ ಎರಡೇ ಎಳೆತ. ಗುಳ್ಳೆಗಳು ಮತ್ತೆ ಬಂದಿಲ್ಲ. ನಾಲ್ಕನೆಯ ಕಾರ್ಟ್ರಿಡ್ಜ್ ಇನ್ನೂ ನಡೆಯುತ್ತಿದೆ. ಅದು ಮುಗಿದ ಮೇಲೆ ಎರಡರ ಪುಟ್ಟ ಡಬ್ಬ ಕೊಳ್ಳುತ್ತೇನೆ. ವಿಮಾನದ ಕೈಚೀಲದಲ್ಲಿ ಬಿಡಿ ಬ್ಲೇಡುಗಳನ್ನು ಸಾಮಾನ್ಯವಾಗಿ ಬಿಡುವುದಿಲ್ಲ, ಇದನ್ನು ಬಿಡುತ್ತಾರೆ.

ನಿನ್ನೆ ಬಿಡುವಿತ್ತು. ಹಳೆಯ ರೇಜರಿಗೆ ಹೊಸ ಬ್ಲೇಡ್ ಹಾಕಿ ಗದ್ದದ ಕೆಳಗೆ ಎಳೆದೆ. ಬಾಗಿಲ ಆಚೆಯಿಂದ ಹೆಂಡತಿ, “ಗೋಡೆ ಕೆರೆಯುತ್ತಿದ್ದೀರಾ?” ಎಂದು ಕೇಳಿದಳು.